ಹೊಲದ ಫೋಟೋ: ಮೊದಲು ಕಾಲು, ಆಮೇಲೆ ಬೆರಳು

2021ರ ನವೆಂಬರ್ ಮಳೆಯನ್ನು ನಮ್ಮ ಕಡೆ ರಾಗಿ ಬೆಳೆದವರು ಮರೆತಿಲ್ಲ. ಸರಿಯಾಗಿ ಕುಯ್ಲಿನ ಹೊತ್ತಿಗೆ ಹಿಡಿದ ಮಳೆ ಬಿಡಲೇ ಇಲ್ಲ. ಯಲಿಯೂರಿನಲ್ಲಿ ನಾಲೆ ಬಯಲಿನವರ ಪಾಡು ಬೇರೆ, ನನ್ನಂಥವರ ಪಾಡು ಬೇರೆ. ನನ್ನ ಹೊಲ ನಾಲೆ ನೀರು ಹತ್ತದ ದಿಣ್ಣೆ ಮೇಲಿದೆ. ಒಂದೂವರೆ ಎಕರೆ ರಾಗಿ ಕುಯ್ದು ಅರಿ ಬಿಟ್ಟಿದ್ದೆವು. ಅದು ಬಿದ್ದಲ್ಲೇ ನೆನೆದು, ನಾಲ್ಕೈದು ದಿನಕ್ಕೆ ತೆನೆಯಲ್ಲೇ ಮೊಳಕೆ ಬಂತು.

ಮಗನ ಫೋನು ಇಸ್ಕೊಂಡು ಹೋಗಿ 11 ಫೋಟೋ ತೆಗೆದೆ. ಒಂದು ಕಚೇರಿಗೆ ಹೋಗಿ ಅರ್ಜಿ ಜೊತೆ ತೋರಿಸಿದೆ. ಮೇಜಿನ ಹಿಂದೆ ಕೂತಿದ್ದವರು ಒಂದೊಂದಾಗಿ ಸರಿಸಿ ನೋಡಿದರು. ಆಮೇಲೆ ಕೇಳಿದರು: "ಯಜಮಾನ್ರೇ, ಇದ್ರಲ್ಲಿ ರಾಗಿ ಎಲ್ಲಿದೆ? ಇದು ನಿಮ್ಮ ಹೊಲವೇ ಅಂತ ಹೆಂಗೆ ಹೇಳೋದು?"

ನಾನೂ ನೋಡಿದೆ. ಮೊದಲನೆಯದರಲ್ಲಿ ಮುಕ್ಕಾಲು ಪಾಲು ಮೋಡ. ಎರಡನೆಯದರಲ್ಲಿ ನನ್ನ ಕೊಡೆಯ ಅಂಚು. ಮಿಕ್ಕವುಗಳಲ್ಲಿ ಕಂದು ಬಣ್ಣದ ಕಲಸುಮೇಲೋಗರ. ತೆನೆಯೂ ಇಲ್ಲ, ಮೊಳಕೆಯೂ ಇಲ್ಲ. ನನ್ನ ಕಣ್ಣಿಗೆ ಕಂಡು ಹೊಟ್ಟೆ ಉರಿದದ್ದು ಯಾವುದೂ ಫೋನಿಗೆ ಕಂಡಿರಲಿಲ್ಲ. ಅವರನ್ನು ಬೈಯೋ ಹಂಗಿರಲಿಲ್ಲ. ಅವರು ಕೇಳಿದ್ದು ನ್ಯಾಯವಾಗೇ ಇತ್ತು.

ಅವತ್ತಿನಿಂದ ಫೋಟೋ ತೆಗೆಯೋದನ್ನು ಕಲಿಯಬೇಕು ಅಂತ ಹಟ ಬಂತು. ಏಳನೇ ಕ್ಲಾಸು ಓದಿದವನು ನಾನು, ಪುಸ್ತಕ ಓದಿ ಕಲಿತದ್ದಲ್ಲ. ನಮ್ಮ ಭಾವ ರೀಲಿನ ಕಾಲದಲ್ಲಿ ಸ್ಟುಡಿಯೋ ಇಟ್ಟಿದ್ದವರು. ನನ್ನ 11 ಫೋಟೋ ನೋಡಿ ನಕ್ಕುಬಿಟ್ಟರು. "ಅಲ್ಲ ಕಣೋ, ನಮ್ಮ ರೀಲಲ್ಲಿ ಇದ್ದಿದ್ದೇ 36 ಫೋಟೋ. ಒಂದು ಹಾಳಾದ್ರೆ ಕಾಸು ಹೋಯ್ತು. ಅದಕ್ಕೇ ಒತ್ತೋಕ್ ಮುಂಚೆ ನಾಕ್ ಹೆಜ್ಜೆ ಅತ್ಲಾಗ್ ಇತ್ಲಾಗ್ ಹೋಗಿ ನೋಡ್ತಿದ್ದೊ. ನೀನು ಒತ್ತಿ ಆಮೇಲ್ ನೋಡ್ತೀಯ. ಮೊದ್ಲು ಕಾಲು, ಆಮೇಲ್ ಬೆರಳು" ಅಂದರು. ಅವರಿಂದ ಕಲಿತದ್ದು, ನಾನೇ ಕೆಡಿಸಿಕೊಂಡು ಕಲಿತದ್ದು ಎರಡನ್ನೂ ಇಲ್ಲಿ ಬರೆದಿದ್ದೇನೆ. ದುಬಾರಿ ಫೋನು ಬೇಕಿಲ್ಲ. ನನ್ನದೂ ಮಗ ಬಿಟ್ಟ ಹಳೇ ಫೋನೇ.

ಏನು ಹೇಳಬೇಕು ಅಂತ ಮೊದಲು ತೀರ್ಮಾನಿಸಿ

ಹೊಲದಲ್ಲಿ ನಿಂತಾಗ ನಮ್ಮ ಕಣ್ಣು ಬೇಕಾದ್ದನ್ನೇ ಹುಡುಕಿ ನೋಡುತ್ತೆ. ರೋಗ ಬಂದ ತೆನೆ ಕಂಡರೆ ಪಕ್ಕದ ಗಿಡ, ಕಲ್ಲು, ಬಿದ್ದ ಗೊಬ್ಬರದ ಚೀಲ ಯಾವುದೂ ಕಾಣಲ್ಲ. ಫೋನಿಗೆ ಆ ವಿವೇಕ ಇಲ್ಲ. ಮುಂದಿರೋದನ್ನೆಲ್ಲಾ ಒಂದೇ ಸಮ ಬಾಚಿಕೊಳ್ಳುತ್ತೆ. ನೋಡೋರಿಗೆ ಯಾವುದು ಮುಖ್ಯ ಅಂತ ಗೊತ್ತಾಗಲ್ಲ.

ಆದ್ದರಿಂದ ಫೋನು ಎತ್ತೋ ಮುಂಚೆ ಒಂದು ಮಾತಲ್ಲಿ ಹೇಳಿಕೊಳ್ಳಿ: "ತೆನೆ ಮೊಳಕೆ ಬಂದಿದೆ." "ಬದ ಒಡೆದಿದೆ." "ಅವರೆ ಸಾಲು ಚೆನ್ನಾಗಿ ಬಂದಿದೆ." ಒಂದು ಫೋಟೋಗೆ ಒಂದೇ ಮಾತು. ಎರಡು ಮಾತು ಇದ್ದರೆ ಎರಡು ಫೋಟೋ ತೆಗೀರಿ. ನಿಮ್ಮ ಹೊಲಕ್ಕೆ ಕಾಲಿಡದವರೊಬ್ಬರು ಎಲ್ಲೋ ಕೂತು ಇದನ್ನು ನೋಡ್ತಾರೆ, ಪಕ್ಕದಲ್ಲಿ ನಿಂತು ವಿವರಿಸೋಕೆ ನೀವು ಇರಲ್ಲ. ಇದೊಂದು ನೆನಪಿದ್ದರೆ ಅರ್ಧ ಕೆಲಸ ಆದಂಗೆ.

ಚೌಕಟ್ಟಿನ ಕಳೆ ಕೀಳಿ

ಮಾತು ಗೊತ್ತಾದ ಮೇಲೆ, ಅದಕ್ಕೆ ಬೇಡದ್ದೆಲ್ಲಾ ಕಳೆ. ಫೋನಿನ ಪರದೆಯ ನಾಲ್ಕು ಮೂಲೆಯನ್ನೂ ಒಂದು ಸುತ್ತು ನೋಡಿ. ಚಪ್ಪಲಿ, ಬೆರಳು, ನಿಮ್ಮ ನೆರಳು, ಬೈಕಿನ ಚಕ್ರ ಇರುತ್ತೆ. ಒಂದು ಹೆಜ್ಜೆ ಸರಿದರೆ ಅರ್ಧ ಕಳೆ ಹೋಗುತ್ತೆ, ಇನ್ನೊಂದು ಹೆಜ್ಜೆ ಮುಂದೆ ಹೋದರೆ ಇನ್ನರ್ಧ ಹೋಗುತ್ತೆ.

ಮನುಷ್ಯರ ಫೋಟೋದಲ್ಲಿ ತಲೆ ಹಿಂದೆ ಏನಿದೆ ನೋಡಿ. ನನ್ನ ಫೋಟೋ ಒಂದರಲ್ಲಿ ನಮ್ಮನೆಯವಳ ತಲೆ ಮೇಲೆ ಕರೆಂಟ್ ಕಂಬ ಹುಟ್ಟಿತ್ತು. ಅವಳು ಇವತ್ತಿಗೂ ಅದನ್ನು ಆಡಿಕೊಂಡು ನಗ್ತಾಳೆ.

ತೆನೆ ಅಥವಾ ಎಲೆಯ ಫೋಟೋಗೆ ಹಿಂದಿನ ಹಸಿರೇ ಶತ್ರು. ಹಸಿರಿನ ಮೇಲೆ ಹಸಿರು ಕಾಣಲ್ಲ. ನಾನು ಮೊದಲು ಬಿಳಿ ಪಂಚೆ ಹಿಡಿದೆ. ತೆನೆ ಕರ್ರಗೆ ಬಂತು. ಹಿಂದೆ ತೀರಾ ಬೆಳ್ಳಗಿದ್ದರೆ ಫೋನು ಬೆಳಕು ಜಾಸ್ತಿ ಅಂದುಕೊಂಡು ಎಲ್ಲವನ್ನೂ ಮಬ್ಬು ಮಾಡುತ್ತೆ. ಈಗ ಹಳೇ ಗೋಣಿಚೀಲ ಹಿಡಿಯುತ್ತೇನೆ. ಅದೂ ಇಲ್ಲದಿದ್ದರೆ ತೆನೆಯ ಹಿಂದೆ ನನ್ನ ಅಂಗೈ. ಇದಕ್ಕಿಂತ ಒಳ್ಳೇದು ನಾನು ಕಂಡಿಲ್ಲ.

ಬಗ್ಗಿ, ಕೂತ್ಕೊಳ್ಳಿ

ನಾವು ತೆಗೆಯೋ ಫೋಟೋ ಎಲ್ಲಾ ನಿಂತವನ ಎದೆ ಎತ್ತರದಿಂದ ಬರುತ್ತೆ. ಮೊಣಕಾಲುದ್ದದ ರಾಗಿಯನ್ನು ಮೇಲಿಂದ ತೆಗೆದರೆ ಹಸಿರು ಚಾಪೆ ಹಾಸಿದಂಗೆ ಕಾಣುತ್ತೆ. ತೆಂಡೆ ಎಷ್ಟು ಒಡೆದಿದೆ, ಬುಡ ಹೆಂಗಿದೆ ಗೊತ್ತಾಗಲ್ಲ. ಗಿಡದ ಎತ್ತರಕ್ಕೆ ಕೂತರೆ ಅದೇ ಹೊಲ ಬೇರೆ ಥರ ಕಾಣುತ್ತೆ.

ಕರು, ಕುರಿ, ಮೇಕೆಗೂ ಇದೇ ಮಾತು. ಮೇಲಿಂದ ತೆಗೆದರೆ ತಲೆ ದಪ್ಪ, ಕಾಲು ಮೋಟು. ಅದರ ಕಣ್ಣಿನ ಮಟ್ಟಕ್ಕೆ ಬಗ್ಗಿ, ಮಟ್ಟಸವಾದ ನೆಲದಲ್ಲಿ ಪಕ್ಕದಿಂದ ತೆಗೀರಿ. ನಾಲ್ಕು ಕಾಲೂ ಕಾಣಲಿ.

ಒಂಬತ್ತು ಮನೆ

ಬಹಳಷ್ಟು ಫೋನುಗಳ ಕ್ಯಾಮರಾದಲ್ಲಿ "ಗ್ರಿಡ್" ಅಂತ ಒಂದು ಸವಲತ್ತಿದೆ. ಸೆಟ್ಟಿಂಗ್‌ಗೆ ಹೋಗಿ ಅದನ್ನು ಹಾಕಿಕೊಂಡರೆ ಪರದೆ ಮೇಲೆ ಅಡ್ಡ ಎರಡು, ಉದ್ದ ಎರಡು ಗೆರೆ ಬಂದು ಒಂಬತ್ತು ಮನೆ ಆಗುತ್ತೆ. ಫೋಟೋದಲ್ಲಿ ಆ ಗೆರೆ ಬರಲ್ಲ.

ಹೊಲದ ಅಂಚು, ಆಕಾಶ ಸೇರೋ ಗೆರೆಯನ್ನು ಸರಿಯಾಗಿ ನಡುವೆ ಇಟ್ಟರೆ ಫೋಟೋ ಎರಡು ಹೋಳಾಗುತ್ತೆ. ಹೊಲ ಮುಖ್ಯವೋ ಆಕಾಶ ಮುಖ್ಯವೋ ತಿಳಿಯಲ್ಲ. ಹೊಲ ಮುಖ್ಯ ಆದರೆ ಆ ಗೆರೆಯನ್ನು ಮೇಲಿನ ಅಡ್ಡಗೆರೆಗೆ ಕೂರಿಸಿ. ನೆಲಕ್ಕೆ ಎರಡು ಪಾಲು, ಆಕಾಶಕ್ಕೆ ಒಂದು. ಕವಿದ ಮೋಡವನ್ನೇ ತೋರಿಸಬೇಕಾದರೆ ಕೆಳಗಿನ ಗೆರೆಗೆ ಕೂರಿಸಿ. ನನ್ನ 11 ಫೋಟೋಗಳಲ್ಲಿ ನಾನು ಮಾಡಿದ ದೊಡ್ಡ ತಪ್ಪು ಇದೇ. ಹೊಲದ ಕಥೆ ಹೇಳಲು ಹೋಗಿ ಆಕಾಶದ ಫೋಟೋ ತೆಗೆದಿದ್ದೆ.

ಮರ, ಮನುಷ್ಯ, ಎತ್ತು ಇದ್ದರೆ ಉದ್ದಗೆರೆ ಮೇಲೆ ನಿಲ್ಲಿಸಿ. ಉಳುವ ಎತ್ತು ಎಡಕ್ಕೆ ಹೋಗ್ತಿದ್ದರೆ ಅದನ್ನು ಬಲಗೆರೆ ಮೇಲಿಟ್ಟು ಮುಂದೆ ಜಾಗ ಬಿಡಿ. ಮುಂದೆ ಜಾಗ ಇಲ್ಲದಿದ್ದರೆ ಎತ್ತು ಗೋಡೆಗೆ ಗುದ್ದಿದಂಗೆ ಕಾಣುತ್ತೆ.

ಇದು ಕಾನೂನೇನಲ್ಲ. ರೋಗದ ಎಲೆ, ಹುಳ ತೋರಿಸುವಾಗ ನಡುಮನೆಯಲ್ಲೇ ಇಡಿ. ಅಲ್ಲಿ ಅಂದಕ್ಕಿಂತ ಗುರುತು ಮುಖ್ಯ.

ಸಾಲು ದಾರಿ ತೋರಿಸುತ್ತೆ

ಬೇಸಾಯಗಾರನಿಗೆ ದೇವರು ಕೊಟ್ಟ ಅನುಕೂಲ ಅಂದರೆ ಸಾಲು. ಸಾಲಿನ ತುದಿಯಲ್ಲಿ ಕೂತು ಉದ್ದಕ್ಕೆ ತೆಗೆದರೆ ನೋಡೋರ ಕಣ್ಣು ಸಾಲು ಹಿಡಿದು ಹೊಲದ ಒಳಕ್ಕೆ ಹೋಗುತ್ತೆ. ರಾಗಿ ನಡುವೆ ಅವರೆ, ಹುಚ್ಚೆಳ್ಳು ಅಕ್ಕಡಿ ಹಾಕಿದವರಿಗೆ ಇದು ಬಹಳ ಮುಖ್ಯ. ಅಡ್ಡಲಾಗಿ ತೆಗೆದರೆ ಅಕ್ಕಡಿ ಕಾಣದೆ ಬರೀ ರಾಗಿ ಅಂತ ಆಗುತ್ತೆ.

2020ರ ಮುಂಗಾರಿನಿಂದ ನಮ್ಮ ರಾಜ್ಯದಲ್ಲಿ ರೈತರೇ ಬೆಳೆ ಸಮೀಕ್ಷೆ ಆ್ಯಪ್‌ನಲ್ಲಿ ತಮ್ಮ ಬೆಳೆಯ ಫೋಟೋ ಹಾಕಬಹುದು. ನೀವು ಸರ್ವೆ ನಂಬರಿನ ಒಳಗೆ ನಿಂತಿದ್ದೀರಾ ಅಂತ ಜಿಪಿಎಸ್ ನೋಡಿಕೊಳ್ಳುತ್ತೆ. ಆದರೆ ಫೋಟೋ ಒಳಗೆ ಏನು ಬರಬೇಕು ಅಂತ ನೋಡೋರು ನೀವೇ. ಬೆಳೆ ನಷ್ಟದ ಪರಿಹಾರ, ವಿಮೆ, ಬೆಂಬಲ ಬೆಲೆಗೆ ರಾಗಿ ಕೊಡೋದು, ಎಲ್ಲಕ್ಕೂ ಆ ದಾಖಲೆಯನ್ನೇ ನೋಡ್ತಾರೆ. ಮಿಶ್ರಬೆಳೆ ಇದ್ದರೆ ಎರಡೂ ಬೆಳೆ ಎದ್ದು ಕಾಣೋ ಹಾಗೆ, ಸಾಲಿನ ತುದಿಯಿಂದ ತೆಗೀರಿ.

ದೂರ, ನಡು, ಹತ್ತಿರ

ರೋಗ ತೋರಿಸಲು ನಾನು ಈಗ ಮೂರು ಫೋಟೋ ತೆಗೆಯುತ್ತೇನೆ. ದೂರದ್ದು ಹೊಲದ್ದು, ನಡುವಿನದು ಬುಡದಿಂದ ತುದಿವರೆಗೆ ಒಂದು ಪೂರ್ತಿ ಗಿಡದ್ದು, ಹತ್ತಿರದ್ದು ಮಚ್ಚೆಯದ್ದೋ ಹುಳದ್ದೋ.

ಮೂರೂ ಯಾಕೆ ಬೇಕು? ಒಂದು ಎಲೆ ಕಿತ್ತು ಅದರ ಫೋಟೋ ಕಳಿಸಿದರೆ ಅದು ಮೇಲಿನ ಎಲೆಯೋ ಕೆಳಗಿನದೋ ಗೊತ್ತಾಗಲ್ಲ. ಸಾರಜನಕ ಕಡಿಮೆ ಆದರೆ ಕೆಳಗಿನ ಹಳೇ ಎಲೆ ಮೊದಲು ಹಳದಿ ಆಗುತ್ತೆ. ಕಬ್ಬಿಣದ ಅಂಶ ಕಡಿಮೆ ಆದರೆ ಸುಳಿಯ ಹೊಸ ಎಲೆ ಬಿಳಿಚಿಕೊಳ್ಳುತ್ತೆ. ಎರಡೂ ಹಳದಿಯೇ, ಔಷಧಿ ಬೇರೆ. ಪೂರ್ತಿ ಗಿಡದ ಫೋಟೋ ಇದ್ದರೆ ಮಾತ್ರ ಇದು ತಿಳಿಯುತ್ತೆ. ಹಾಗೇ ಹೊಲದ ತುಂಬಾ ಒಂದೇ ಸಮ ಹಳದಿಯೋ, ಅಲ್ಲಲ್ಲಿ ತೇಪೆ ತೇಪೆಯೋ ಅನ್ನೋದು ದೂರದ ಫೋಟೋದಿಂದ ಗೊತ್ತಾಗುತ್ತೆ.

ರಾಗಿಯ ಬೆಂಕಿ ರೋಗದಲ್ಲಿ ಎಲೆ ಮೇಲೆ ಎರಡು ತುದಿ ಚೂಪಾದ ಮಚ್ಚೆ ಬರುತ್ತೆ. ನಡುವೆ ಬೂದಿ ಬಣ್ಣ, ಅಂಚು ಕಂದು. ತೆನೆ ಬಂದ ಮೇಲೆ ಕುತ್ತಿಗೆ ಕಪ್ಪಾಗಿ ತೆನೆ ಜೊಳ್ಳಾಗುತ್ತೆ. ಆದ್ದರಿಂದ ತೆನೆಯ ಫೋಟೋ ತೆಗೆಯುವಾಗ ಕುತ್ತಿಗೆ ಕತ್ತರಿಸಿ ಹೋಗಬಾರದು.

ಮುಸುಕಿನ ಜೋಳದ ಸೈನಿಕ ಹುಳ 2018ರಲ್ಲಿ ನಮ್ಮ ರಾಜ್ಯದಲ್ಲೇ ದೇಶದಲ್ಲಿ ಮೊದಲು ಕಂಡದ್ದು. ಅದರ ಗುರುತು ತಲೆಯ ಮೇಲೆ ತಲೆಕೆಳಗಾದ ಇಂಗ್ಲಿಷ್ ವೈ ಅಕ್ಷರದಂಥ ಬಿಳಿ ಗೆರೆ, ಹಿಂಭಾಗದ ಹತ್ತಿರ ಚೌಕಾಕಾರವಾಗಿ ನಾಲ್ಕು ಕಪ್ಪು ಚುಕ್ಕೆ. ನಾನೊಮ್ಮೆ ಹುಳ ಸುಳಿಯೊಳಗೆ ಅರ್ಧ ಹುದುಗಿದ್ದಾಗ ಫೋಟೋ ತೆಗೆದು ಒಬ್ಬ ಕೃಷಿ ವಿಜ್ಞಾನಿಗೆ ಕಳಿಸಿದ್ದೆ. "ಹುಳ ಇದೆ ಅಂತ ಗೊತ್ತಾಯ್ತು, ಯಾವ ಹುಳ ಅಂತ ಗೊತ್ತಾಗಲಿಲ್ಲ" ಅಂದರು. ಹುಳವನ್ನು ಹೊರಗೆ ತೆಗೆದು, ಎಲೆ ಮೇಲೆ ಉದ್ದಕ್ಕೆ ಬಿಟ್ಟು, ತಲೆ ಬಾಲ ಎರಡೂ ಕಾಣೋ ಹಾಗೆ ತೆಗೆದು ಕಳಿಸಿದೆ. ಉತ್ತರ ಅವತ್ತೇ ಬಂತು.

ಹತ್ತಿರದ ಫೋಟೋಗೆ ಬೆರಳಲ್ಲಿ ಹಿಗ್ಗಿಸಬೇಡಿ, ಮಸುಕಾಗುತ್ತೆ. ನೀವೇ ಹತ್ತಿರ ಹೋಗಿ. ಹಾಗಂತ ತೀರಾ ಮೂಗು ತಾಗಿಸಿದರೂ ಫೋನಿಗೆ ಕಣ್ಣು ನಿಲ್ಲಲ್ಲ. ಒಂದು ಗೇಣು ದೂರದಿಂದ, ಪರದೆ ಮೇಲೆ ಹುಳ ಕಾಣೋ ಜಾಗವನ್ನು ಬೆರಳಿಂದ ಮುಟ್ಟಿ, ಉಸಿರು ಹಿಡಿದು ಒತ್ತಿ. ಮುಂಚೆ ಫೋನಿನ ಹಿಂದಿನ ಗಾಜನ್ನು ಮೆತ್ತಗಿನ ಬಟ್ಟೆಯಲ್ಲಿ ಒರೆಸಿ. ನಮ್ಮ ಜೇಬಿನ ಬೆವರು, ದೂಳು, ಬೀಡಿ ಪುಡಿ ಎಲ್ಲಾ ಅದರ ಮೇಲೇ ಇರುತ್ತೆ.

ಅಳತೆಗೆ ಒಂದು ವಸ್ತು ಇರಲಿ

ಬರೀ ಹುಳದ ಫೋಟೋ ನೋಡಿದರೆ ಅದು ಅಂಗುಲವೋ ಗೇಣೋ ತಿಳಿಯಲ್ಲ. ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯವೋ ಬೆಂಕಿಪೊಟ್ಟಣವೋ ಇಡಿ. ಒಡೆದ ಬದಕ್ಕೆ ಗುದ್ದಲಿ ಒರಗಿಸಿ. ಬೆಳೆಯ ಎತ್ತರಕ್ಕೆ ಒಬ್ಬ ಮನುಷ್ಯನನ್ನು ನಿಲ್ಲಿಸಿ. ಆದರೆ ಅವನು ಕ್ಯಾಮರಾ ನೋಡಿ ಸೆಟೆದು ನಿಲ್ಲೋದು ಬೇಡ, ಬೆಳೆ ನೋಡಲಿ. ಅವನು ಎತ್ತ ನೋಡ್ತಾನೋ ನೋಡೋರ ಕಣ್ಣೂ ಅತ್ತ ಹೋಗುತ್ತೆ.

ಬೆಳಕು

ಬೆಳಗ್ಗೆ 7ರಿಂದ 9, ಸಂಜೆ 4ರಿಂದ 6 ಒಳ್ಳೇ ಹೊತ್ತು. ಓರೆ ಬಿಸಿಲಿಗೆ ಸಾಲು, ಹೆಂಟೆ, ತೆನೆಯ ಇಲುಕು ಎಲ್ಲಾ ಬಿಡಿಬಿಡಿಯಾಗಿ ಕಾಣುತ್ತೆ. ನಡುಮಧ್ಯಾಹ್ನದ ಬಿಸಿಲಿಗೆ ಎಲ್ಲಾ ಬೆಳ್ಳಗೆ ಚಪ್ಪಟೆ. ಸೂರ್ಯ ನಿಮ್ಮ ಪಕ್ಕಕ್ಕೆ ಇರಲಿ. ಬೆನ್ನಿಗೆ ನೇರವಾಗಿದ್ದರೆ ನಿಮ್ಮ ನೆರಳು ಬೀಳುತ್ತೆ, ಎದುರಿಗಿದ್ದರೆ ಮುಖ ಕಪ್ಪಾಗುತ್ತೆ. ಮಚ್ಚೆ, ಹುಳಕ್ಕೆ ಮೋಡದ ಬೆಳಕೂ ಚೆನ್ನ, ಇಲ್ಲಾಂದ್ರೆ ಕೊಡೆಯ ನೆರಳು ಮಾಡಿ.

ಒಂದು ಸೂಕ್ಷ್ಮ ಇದೆ. ಮಧ್ಯಾಹ್ನ ಎಲೆ ಸುರುಳಿ ಸುತ್ತಿಕೊಂಡು ಸಂಜೆಗೆ ಬಿಚ್ಚಿಕೊಂಡರೆ ಅದು ಬಿಸಿಲಿನ ಝಳ ಅಷ್ಟೆ. ಬೆಳಗ್ಗೆ ಎದ್ದು ನೋಡಿದರೂ ಸುತ್ತಿಕೊಂಡೇ ಇದ್ದರೆ ಭೂಮಿಯಲ್ಲಿ ಹಸಿ ಇಲ್ಲ ಅಂತ ಅರ್ಥ. ಬರ ತೋರಿಸುವವರು ಬೆಳಗಿನ ಫೋಟೋ ತೆಗೀಬೇಕು. ಮಧ್ಯಾಹ್ನದ್ದು ನಮಗೇ ಮೋಸ ಮಾಡುತ್ತೆ.

ನಷ್ಟದ ಫೋಟೋ

ದೂರದ ಫೋಟೋದಲ್ಲಿ ಅಲುಗದ ಗುರುತು ಒಂದು ಬರಲೇಬೇಕು. ಸರ್ವೆ ಕಲ್ಲು, ಹುಣಸೆ ಮರ, ಬಾವಿ, ದೂರದ ಗುಡಿ ಏನಾದರೂ ಆಗಲಿ. ನಾನು ಬದದ ಹುಣಸೆ ಮರವನ್ನು ಯಾವಾಗಲೂ ಎಡಗೆರೆ ಮೇಲಿಡುತ್ತೇನೆ. "ಇದು ನಿಮ್ಮ ಹೊಲವೇ?" ಅನ್ನೋ ಪ್ರಶ್ನೆಗೆ ಮರವೇ ಉತ್ತರ ಹೇಳುತ್ತೆ. ಕ್ಯಾಮರಾ ಸೆಟ್ಟಿಂಗ್‌ನಲ್ಲಿ ಲೊಕೇಶನ್ ಹಾಕಿಕೊಂಡರೆ ಜಾಗ, ದಿನ, ಹೊತ್ತು ಫೋಟೋ ಜೊತೆಗೇ ಕೂರುತ್ತೆ. ಆದರೆ ವಾಟ್ಸಾಪಲ್ಲಿ ಮಾಮೂಲಿ ಫೋಟೋ ಥರ ಕಳಿಸಿದರೆ ಆ ಮಾಹಿತಿ ಅಳಿಸಿ ಹೋಗಿ ಫೋಟೋನೂ ಕುಗ್ಗುತ್ತೆ. "ಡಾಕ್ಯುಮೆಂಟ್" ಅಂತ ಕಳಿಸಿದರೆ ಮೂಲ ಹಾಗೇ ಹೋಗುತ್ತೆ. ಮೂಲ ಫೋಟೋ ಫೋನಿಂದ ಅಳಿಸಬೇಡಿ.

ಫಸಲ್ ಬಿಮಾ ಯೋಜನೆಯಲ್ಲಿ, ಕುಯ್ದು ಹೊಲದಲ್ಲೇ ಒಣಗಲು ಬಿಟ್ಟ ಬೆಳೆ 14 ದಿನದೊಳಗೆ ಅಕಾಲದ ಮಳೆಗೆ ಹಾಳಾದರೆ ಅದಕ್ಕೂ ಅವಕಾಶ ಇದೆ. 72 ಗಂಟೆಯೊಳಗೆ ತಿಳಿಸಬೇಕು. ನಿಮ್ಮ ಹೋಬಳಿಗೆ ಆ ಹಂಗಾಮಿಗೆ ಯಾವ ಬೆಳೆ, ಯಾವ ನಷ್ಟ ಸೇರಿದೆ ಅಂತ ರೈತ ಸಂಪರ್ಕ ಕೇಂದ್ರದಲ್ಲಿ ಮುಂಚೆಯೇ ಕೇಳಿಟ್ಟುಕೊಳ್ಳಿ. ಫೋಟೋ ಇದ್ದಮಾತ್ರಕ್ಕೆ ಹಣ ಬರಲ್ಲ, ಬಂದು ನೋಡೋರು ಅವರ ಲೆಕ್ಕವನ್ನು ಅವರೇ ಬರೀತಾರೆ. ಆದರೆ ಅವರು ಬರೋ ಹೊತ್ತಿಗೆ ಬಿಸಿಲು ಬಂದು ಎಲ್ಲಾ ಒಣಗಿರುತ್ತೆ. ನೆನೆದ ದಿನದ ಸಾಕ್ಷಿ ನಿಮ್ಮ ಹತ್ತಿರ ಇರಲಿ.

ಒಂದೇ ಕಲ್ಲಿನ ಮೇಲೆ ನಿಂತು

ನಾನು ಕಲಿತದ್ದರಲ್ಲಿ ಹೆಚ್ಚು ಉಪಯೋಗಕ್ಕೆ ಬಂದದ್ದು ಇದು. ಹೊಲದ ಮೂಲೆಯಲ್ಲಿ ಒಂದು ಕಲ್ಲು ಹಾಕಿದ್ದೇನೆ. ಬಿತ್ತನೆ ದಿನದಿಂದ ಕುಯ್ಲಿನ ತನಕ ಹದಿನೈದು ದಿನಕ್ಕೊಮ್ಮೆ ಅದೇ ಕಲ್ಲಿನ ಮೇಲೆ ನಿಂತು, ಹುಣಸೆ ಮರ ಅದೇ ಎಡಗೆರೆ ಮೇಲೆ ಬರೋ ಹಾಗೆ ಒಂದು ಫೋಟೋ. ಒಂದು ಬೆಳೆಗೆ ಎಂಟೋ ಒಂಬತ್ತೋ ಆಗುತ್ತೆ. ಒಂದರ ಪಕ್ಕ ಒಂದಿಟ್ಟರೆ ಹೊಲದ ಜಾತಕ.

2023ರಲ್ಲಿ ರಾಜ್ಯದ 236 ತಾಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಸರಕಾರ ಘೋಷಿಸಿತು. ಆ ವರ್ಷ ನನ್ನ ಹತ್ತಿರ ಮೊಳಕೆ ಬಂದ ಫೋಟೋ ಇತ್ತು, ಕುಂಟೆ ಹೊಡೆದ ಫೋಟೋ ಇತ್ತು, ಬೆಳಗಿನ ಹೊತ್ತೂ ಸುರುಳಿ ಬಿಚ್ಚದ ಎಲೆಯ ಫೋಟೋ ಇತ್ತು. ನೋಡಲು ಬಂದವರು "ಬಿತ್ತಿದ್ರಾ?" ಅಂತ ಕೇಳಲಿಲ್ಲ. ಫೋನು ಕೈಗೆ ಕೊಟ್ಟೆ, ಅವರು ನೋಡಿ ಬರೆದುಕೊಂಡರು. ಮಾತು ಬೆಳೆಯಲಿಲ್ಲ. ಅಷ್ಟು ಸಾಕು ನನಗೆ.

ಆ ಫೋಟೋಗಳಿಂದ ನನಗೇ ಪಾಠ ಆದದ್ದೂ ಇದೆ. ಹೊಲದ ತೆಂಕಲ ಮೂಲೆ ಪ್ರತಿ ವರ್ಷ ಮೊದಲು ಬಾಡೋದು ಗೊತ್ತಾಯಿತು. ಅಲ್ಲಿ ಮಣ್ಣು ತೆಳು. ಈಗ ಅಲ್ಲಿ ಹುರುಳಿ ಚೆಲ್ಲುತ್ತೇನೆ.

ಚೌಕಟ್ಟು ಸುಳ್ಳೂ ಹೇಳುತ್ತೆ

ಬೇಡದ್ದನ್ನು ಬಿಡೋ ವಿದ್ಯೆ ಬಂದ ಮೇಲೆ ಬೇಕಾದ್ದನ್ನೂ ಬಚ್ಚಿಡಬಹುದು. ನಾಲ್ಕು ರೋಗದ ಗಿಡವನ್ನೇ ತುಂಬಿಸಿ ಹೊಲವೆಲ್ಲಾ ಹೋಯ್ತು ಅನ್ನಬಹುದು. ಒಂದು ದಪ್ಪ ತೆನೆ ತೋರಿಸಿ ಬೀಜ ಮಾರಬಹುದು. ಮುಂಗಾಲನ್ನು ದಿಬ್ಬದ ಮೇಲೆ ನಿಲ್ಲಿಸಿ ಕರುವನ್ನು ಎತ್ತರ ಮಾಡಬಹುದು. ಫೋಟೋ ನೋಡಿ ಮುಂಗಡ ಕೊಟ್ಟು, ಮನೆಗೆ ಬಂದ ಮೇಕೆ ನೋಡಿ ಬೆಪ್ಪಾದವನು ನಾನು. ಕೊಳ್ಳುವಾಗ "ಇನ್ನೊಂದು ಕಡೆಯಿಂದ ತೆಗೆದು ಕಳಿಸಿ" ಅಂತ ಕೇಳಿ. ತೋರಿಸುವಾಗ ಹತ್ತಿರದ ಫೋಟೋ ಜೊತೆ ದೂರದ್ದನ್ನೂ ಕೊಡಿ. ಒಮ್ಮೆ ಸುಳ್ಳು ಸಿಕ್ಕಿಬಿದ್ದರೆ ಮುಂದೆ ನಿಜದ ಫೋಟೋನೂ ಯಾರೂ ನಂಬಲ್ಲ.

ಕೊನೆಗೆ

ನಮಗೆಲ್ಲಿ ಇವೆಲ್ಲಾ ಅನ್ನಬೇಡಿ. ಮೂಡಿಗೆರೆಯಲ್ಲಿ ಕಾಫಿ ಬೆಳೆಯುತ್ತಾ ಹಕ್ಕಿಗಳ ಫೋಟೋ ತೆಗೆದ ಪೂರ್ಣಚಂದ್ರ ತೇಜಸ್ವಿಯವರೂ ಬೇಸಾಯಗಾರರೇ. ಅವರ ಕಾಲದಲ್ಲಿ ರೀಲು ತೊಳೆಸಿ ಬರೋ ತನಕ ಏನು ಬಂದಿದೆ ಅಂತ ಗೊತ್ತಾಗುತ್ತಿರಲಿಲ್ಲ. ನಮಗೆ ಕ್ಷಣದಲ್ಲೇ ಕಾಣುತ್ತೆ, ಅಳಿಸಿ ಮತ್ತೆ ತೆಗೆಯಲು ಕಾಸೂ ಬೇಡ.

ನಮ್ಮ ಮನೆಯಲ್ಲಿ ಅಪ್ಪನದು ಇರೋದು ಒಂದೇ ಫೋಟೋ. 1994ರಲ್ಲಿ ಯಾರದೋ ಕ್ಯಾಮರಾ ತಂದು ನಾನೇ ತೆಗೆದದ್ದು. ಅಪ್ಪ ನೇಗಿಲು ಹಿಡಿದು ನಿಂತಿದ್ದಾರೆ. ಸೂರ್ಯ ಅವರ ಹಿಂದೆ, ಮುಖ ಪೂರಾ ಕಪ್ಪು. ಪಾದ ಕತ್ತರಿಸಿ ಹೋಗಿದೆ, ತಲೆ ಮೇಲೆ ಬೇಕಾದಷ್ಟು ಆಕಾಶ. ಮೊಮ್ಮಕ್ಕಳು "ತಾತ ಹೆಂಗಿದ್ರು?" ಅಂದರೆ ಅದನ್ನೇ ತೋರಿಸಬೇಕು. ನಾಲ್ಕು ಹೆಜ್ಜೆ ಅತ್ಲಾಗೆ ಹೋಗಿ ನಿಂತಿದ್ದರೆ ಅಪ್ಪನ ಮುಖ ಉಳೀತಿತ್ತು.

ನಾಳೆ ಬೆಳಗ್ಗೆ ಹೊಲಕ್ಕೆ ಹೋದಾಗ ಒಂದೇ ಒಂದು ಫೋಟೋ ತೆಗೀರಿ. ಮನೆಗೆ ಬಂದು ಏನೂ ಹೇಳದೆ ಮಕ್ಕಳ ಕೈಗೆ ಕೊಟ್ಟು "ಇದ್ರಲ್ಲಿ ಏನಿದೆ ಹೇಳು" ಅಂತ ಕೇಳಿ. ಅವರು ಹೇಳಿದ್ದೂ ನೀವು ಅಂದುಕೊಂಡದ್ದೂ ಒಂದೇ ಆದರೆ ನಿಮಗೆ ಫೋಟೋ ತೆಗೆಯೋಕೆ ಬಂತು ಅಂತ ಲೆಕ್ಕ.